ಷಟ್ಪದಿಯೆಂದು ಓದಿದ ಅಷ್ಟಪದಿ

ಕನ್ನಡ ಪಾಠ ಹೇಳಿ ಹೊಟ್ಟೆ ಹೊರೆಯುವವನಿಗೆ ಷಟ್ಪದಿಯ ಪರಿಚಯ ಇದ್ದೇ ಇರುತ್ತದೆ. ಶರ, ಕುಸುಮ, ಭೋಗ, ಭಾಮಿನಿ, ಪರಿವರ್ಧಿನಿ, ವಾರ್ಧಕ ಎಂದು ಹೆಸರು ಹೇಳಿಸಿ, ಹುಡುಗರ ಕೈಯಲ್ಲಿ ಮಾತ್ರೆ ಎಣಿಸಿ, ಗಣ ವಿಂಗಡಿಸಿ, ತಪ್ಪಿದವರನ್ನು ಗದರಿಸಿ, ನನ್ನ ಆಯುಸ್ಸಿನ ದೊಡ್ಡದೊಂದು ಭಾಗ ಕಳೆದುಹೋಗಿದೆ. ಷಟ್ಪದವೆಂದರೆ ಆರು ಕಾಲುಳ್ಳದ್ದು, ಆದುದರಿಂದಲೇ ನಮ್ಮ ಕವಿಗಳು ದುಂಬಿಯನ್ನು ಹಾಗೆ ಕರೆದರು ಎಂಬ ಮಾತನ್ನೂ ಪ್ರತಿವರ್ಷ ತಪ್ಪದೆ ಹೇಳುತ್ತೇನೆ. ಇಂಥ ನಾನು, ನಮ್ಮ ಮನೆಯ ಹಿತ್ತಿಲಲ್ಲೇ ಇದ್ದ ಒಂದು ಪ್ರಾಣಿಯ ಕಾಲುಗಳನ್ನು ಎಣಿಸುವುದರಲ್ಲಿ ಒಂದು ವರ್ಷ ಪೂರ್ತಿ ತಪ್ಪಿದೆ. ಆ ತಪ್ಪನ್ನು ತಿದ್ದಿದ್ದು ಕ್ಯಾಮರಾ. ಅದೇ ಕ್ಯಾಮರಾ ನನ್ನಿಂದ ಇನ್ನೊಂದು ತಪ್ಪನ್ನೂ ಮಾಡಿಸಿತು. ಅದನ್ನು ಮಾತ್ರ ತಿದ್ದಲು ಬರುವಂತಿರಲಿಲ್ಲ. ಎರಡನ್ನೂ ಇಲ್ಲಿ ಹೇಳಿಬಿಡುತ್ತೇನೆ.

ಮಲೆನಾಡಿನ ನಮ್ಮ ಮನೆಯ ಹಿಂದೆ ಒಂದು ಹಳೆಯ ಮಾವಿನ ಮರವಿದೆ. ಅದರ ಹಣ್ಣಿನ ಹಕ್ಕು ನಮ್ಮದೆಂದು ಕಾಗದಪತ್ರ ಹೇಳುತ್ತದೆ. ಮರದ ಹಕ್ಕು ಮಾತ್ರ ಚಗಳಿಗಳದು. ಮಲೆನಾಡಿನವರಿಗೆ ಚಗಳಿಯ ವಿಚಾರ ವಿವರಿಸಬೇಕಾಗಿಲ್ಲ. ಅದರ ಚಟ್ನಿಯ ಹುಳಿಯನ್ನೂ ಅದರ ಕಡಿತದ ಉರಿಯನ್ನೂ ಬಲ್ಲವರು ಅವರು. ಬೇರೆ ಕಡೆಯವರು ಕೆಂಜಿಗವೆಂದರೆ ತಿಳಿದುಕೊಂಡಾರು: ಕೆಂಪು ಮಣ್ಣಿನ ಬಣ್ಣದ, ನೀಳ ಕಾಲಿನ, ಹಸಿರೆಲೆಗಳನ್ನು ಹೊಲಿದು ಚೆಂಡಿನಂಥ ಗೂಡು ಮಾಡುವ ಇರುವೆ. ಈ ಗೂಡು ಕಟ್ಟುವ ಕೆಲಸವನ್ನು ಬರಿಗಣ್ಣಿನಲ್ಲಿ ನೋಡಿದರೆ ಕೆಂಪು ಗದ್ದಲವೊಂದು ಕಂಡೀತು, ಅಷ್ಟೆ. ಹತ್ತಿರದ ಚಿತ್ರ ತೆಗೆದು ನೋಡಿದರೆ ಅದೊಂದು ಮಗ್ಗದ ಮನೆ. ಸಾಲಾಗಿ ನಿಂತ ಇರುವೆಗಳು ಒಂದೆಲೆಯ ಅಂಚನ್ನು ಕಾಲಿನಲ್ಲಿ ಹಿಡಿದು ಪಕ್ಕದೆಲೆಯ ಅಂಚನ್ನು ದವಡೆಯಲ್ಲಿ ಕಚ್ಚಿ ಎಳೆಯುತ್ತವೆ. ನಡುವಿನ ಅಂತರ ಹೆಚ್ಚಾದರೆ ಒಂದರ ಸೊಂಟವನ್ನು ಇನ್ನೊಂದು ಹಿಡಿದು ಸರಪಳಿಯಾಗುತ್ತವೆ. ಎಲೆಗಳು ಕೂಡಿದ ಮೇಲೆ ಬೇರೆ ಕೆಲವು ಇರುವೆಗಳು ತಮ್ಮ ಮರಿಹುಳುಗಳನ್ನು ಬಾಯಲ್ಲಿ ಹಿಡಿದು ತಂದು, ಈ ಅಂಚಿನಿಂದ ಆ ಅಂಚಿಗೆ, ಆ ಅಂಚಿನಿಂದ ಈ ಅಂಚಿಗೆ ಲಾಳಿಯಂತೆ ಆಡಿಸುತ್ತವೆ. ಮರಿಹುಳುವಿನ ಬಾಯಿಂದ ಸೂಸುವ ರೇಷ್ಮೆಯ ನೂಲೇ ಹೊಲಿಗೆ. ಬೇರೆ ಎಷ್ಟೋ ಕೀಟಗಳ ಮರಿ ತನ್ನ ಮೈಗೆ ಗೂಡು ನೇದುಕೊಳ್ಳಲು ಇಟ್ಟುಕೊಳ್ಳುವ ರೇಷ್ಮೆಯನ್ನು ಚಗಳಿಯ ಮರಿ ಮನೆಗೆಂದು ಕೊಟ್ಟುಬಿಡುತ್ತದೆ. ತಾನು ಬೆತ್ತಲೆಯಾಗಿಯೇ ಕೋಶಾವಸ್ಥೆಯನ್ನು ಕಳೆಯುತ್ತದೆ.

ಇದನ್ನು ಚಿತ್ರದಲ್ಲಿ ಹಿಡಿಯಬೇಕೆಂಬ ಆಸೆ ನನಗೆ ಹುಟ್ಟಿದ್ದು 2015ರಲ್ಲಿ. ಕೈಯಲ್ಲಿ ಒಂದು ಸಾಧಾರಣ ಕ್ಯಾಮರಾ ಇತ್ತು. ಐವತ್ತು ಮಿಲಿಮೀಟರಿನ ಹಳೆಯ ಲೆನ್ಸೊಂದನ್ನು ತಿರುಗುಮುರುಗಾಗಿ, ಮುಂಭಾಗ ಹಿಂದಾಗುವಂತೆ, ಒಂದು ಉಂಗುರದ ಸಹಾಯದಿಂದ ಅದಕ್ಕೆ ಜೋಡಿಸಿದರೆ ಸಣ್ಣ ವಸ್ತುಗಳು ದೊಡ್ಡದಾಗಿ ಕಾಣುತ್ತವೆಂದು ಯಾರೋ ಹೇಳಿದರು. ಜೋಡಿಸಿ ನೋಡಿದೆ; ಕಂಡಿತು. ಅಂದಿನಿಂದ ಬೆಳಗಿನ ಹೊತ್ತು ನಾನು ಹಿತ್ತಿಲಲ್ಲಿ ಮಂಡಿಯೂರಿಯೋ ಬೋರಲು ಮಲಗಿಯೋ ಇರುವುದು ರೂಢಿಯಾಯಿತು. ಒಂದು ದಿನ ಅಡಕೆ ಕೊಯ್ಯಲು ಬಂದ ಕೊನೆಗೌಡ ಬೇಲಿಯಾಚೆ ನಿಂತು ಬಹಳ ಹೊತ್ತು ನೋಡಿ, ಕೊನೆಗೆ ಮರುಕದಿಂದ, “ಏನು ಕಳಕೊಂಡ್ರಿ ಮೇಷ್ಟ್ರೆ? ನಾನೂ ಹುಡುಕ್ಲಾ?” ಎಂದ. ಇರುವೆಯ ಚಿತ್ರ ತೆಗೆಯುತ್ತಿದ್ದೇನೆಂದರೆ ಅವನು ನಂಬಲಿಲ್ಲ. ಮನೆಯವರೂ ಪೂರ್ತಿಯಾಗಿ ನಂಬಿದ್ದರೆಂದು ಹೇಳಲಾರೆ.

ಹುಡುಕುತ್ತಿದ್ದೆನೆಂಬ ಮಾತು ಸುಳ್ಳೇನಲ್ಲ. ಈ ಬಗೆಯ ಛಾಯಾಗ್ರಹಣದಲ್ಲಿ ಎಲ್ಲಕ್ಕಿಂತ ಮೊದಲು ಕಳೆದುಹೋಗುವುದು ದೃಷ್ಟಿಯ ಆಳ. ದೂರದ ಬೆಟ್ಟವನ್ನು ತೆಗೆಯುವಾಗ ಮುಂದಿನ ಮರವೂ ಹಿಂದಿನ ಮೋಡವೂ ಒಟ್ಟಿಗೆ ಸ್ಪಷ್ಟವಾಗಿ ಬಂದಾವು. ವಸ್ತುವಿನ ಹತ್ತಿರ ಸರಿದಂತೆಲ್ಲ ಆ ಭಾಗ್ಯ ಕಿರಿದಾಗುತ್ತ ಬರುತ್ತದೆ. ಇರುವೆಯ ಬಿಂಬವು ಇರುವೆಯಷ್ಟೇ ದೊಡ್ಡದಾಗಿ ಕ್ಯಾಮರಾದ ಒಳಗೆ ಬೀಳುವಷ್ಟು ಹತ್ತಿರ ಹೋದಾಗ, ನಮ್ಮ ಇಡೀ ಲೋಕ 36 ಮಿಲಿಮೀಟರು ಉದ್ದ, 24 ಮಿಲಿಮೀಟರು ಅಗಲದ ಒಂದು ಚೌಕಟ್ಟು. ಎಂದರೆ ಸುಮಾರಾಗಿ ಒಂದು ಅಂಚೆಚೀಟಿ. ಅದರಲ್ಲಿ ಸ್ಪಷ್ಟವಾಗಿ ಕಾಣುವ ಪದರದ ದಪ್ಪ, ಲೆನ್ಸಿನ ಕಂಡಿಯನ್ನು ಮಧ್ಯಮ ಅಳತೆಗೆ ಇಟ್ಟುಕೊಂಡರೆ, ಒಂದು ಮಿಲಿಮೀಟರು. ಅಕ್ಕಿಕಾಳಿನ ದಪ್ಪದಲ್ಲಿ ಅರ್ಧವೆನ್ನಿ. ಇನ್ನೂ ಹತ್ತಿರ ಹೋಗಿ ಬಿಂಬವನ್ನು ಇಮ್ಮಡಿ ಮಾಡಿದರೆ ಆ ಪದರ ಮೂರನೆಯ ಒಂದು ಪಾಲಿಗೆ ಇಳಿಯುತ್ತದೆ. ಇರುವೆಯ ಕಣ್ಣು ಸ್ಪಷ್ಟವಾದರೆ ಮೀಸೆ ಮಂಜು. ಮೀಸೆ ಸ್ಪಷ್ಟವಾದರೆ ಕಣ್ಣು ಮಂಜು. ಕಂಡಿಯನ್ನು ಕಿರಿದು ಮಾಡಿದರೆ ಪದರ ದಪ್ಪವಾಗುತ್ತದೆ, ನಿಜ. ಆದರೆ ಬೆಳಕು ಬಡವಾಗುತ್ತದೆ. ತೀರ ಕಿರಿದು ಮಾಡಿದರೆ ಬೆಳಕಿನ ಕಿರಣಗಳು ಆ ಸಣ್ಣ ಕಂಡಿಯ ಅಂಚಿನಲ್ಲಿ ಬಾಗಿ, ವಿವರ್ತನೆಯ ದೆಸೆಯಿಂದ ಚಿತ್ರವೆಲ್ಲ ಮೆತ್ತಗಾಗುತ್ತದೆ. ಒಂದನ್ನು ಕೊಟ್ಟಲ್ಲದೆ ಇನ್ನೊಂದನ್ನು ಪಡೆಯುವಂತಿಲ್ಲ.

ಹತ್ತಿರ ಹೋದರೆ ಹೆಚ್ಚು ತಿಳಿಯುತ್ತದೆಂಬುದು ನಮ್ಮ ಸಾಮಾನ್ಯ ನಂಬಿಕೆ. ಹತ್ತಿರ ಹೋದಷ್ಟೂ ಒಂದು ಸಲಕ್ಕೆ ಕಾಣುವುದು ಕಡಿಮೆ ಎಂಬುದನ್ನು ಈ ಒಂದು ಮಿಲಿಮೀಟರು ನನಗೆ ಕಲಿಸಿತು. ಉಳಿದುದನ್ನು ಕಾದು, ಮತ್ತೆ ಮತ್ತೆ ಬಂದು, ಕೂಡಿಸಿಕೊಳ್ಳಬೇಕು.

ಕಾಯುವುದಕ್ಕೂ ಒಂದು ವಿಧಾನವಿದೆ. ಕೀಟಗಳು ತಮ್ಮ ಮೈಯ ಕಾವನ್ನು ಹೊರಗಿನ ಬಿಸಿಲಿನಿಂದ ಪಡೆಯುವಂಥವು. ಆದುದರಿಂದ ಬಿಸಿಲೇರುವ ಮೊದಲು ಅವುಗಳ ಚಲನೆ ನಿಧಾನ. ಕಾರ್ತಿಕದ ಬೆಳಗಿನಲ್ಲಿ ಏರೋಪ್ಲೇನ್ ಚಿಟ್ಟೆ ಹುಲ್ಲುಕಡ್ಡಿಯನ್ನು ಹಿಡಿದು, ರೆಕ್ಕೆಯ ಮೇಲೆಲ್ಲ ಇಬ್ಬನಿ ಹೊತ್ತು, ಕೈಗೆ ಎಟುಕುವಷ್ಟು ಹತ್ತಿರದಲ್ಲಿ ಕುಳಿತಿರುತ್ತದೆ. ದೊಡ್ಡ ಜಾತಿಯದಾದರೆ ಅದರ ಒಂದೊಂದು ಕಣ್ಣಿನಲ್ಲಿ ಮೂವತ್ತು ಸಾವಿರದಷ್ಟು ಕಿರುಗಣ್ಣುಗಳಿರಬಹುದು. ನಮ್ಮನ್ನು ಕಾಣದೆ ಕುಳಿತಿದೆಯೆಂದು ಮಾತ್ರ ಭಾವಿಸಬಾರದು. ನಮ್ಮ ನೆರಳು ಅದರ ಮೇಲೆ ಬೀಳಕೂಡದು, ಉಸಿರು ತಗುಲಕೂಡದು, ಮೊಣಕೈ ಹುಲ್ಲನ್ನು ಅಲ್ಲಾಡಿಸಕೂಡದು. ಫ್ಲಾಷಿನ ಬೆಳಕು ಚುಚ್ಚದಂತೆ ಅದರ ಮುಂದೆ ಬೆಣ್ಣೆ ಕಾಗದದ ಮರೆಯೊಂದನ್ನು ಕಟ್ಟಿಕೊಂಡಿದ್ದೇನೆ. ಇಷ್ಟೆಲ್ಲ ಸಿದ್ಧತೆ ಮಾಡಿಕೊಂಡು ಗುಂಡಿ ಒತ್ತುವ ಹೊತ್ತಿಗೆ ಗಾಳಿ ಬೀಸುತ್ತದೆ. ನೂರು ಚಿತ್ರ ತೆಗೆದರೆ ಇಟ್ಟುಕೊಳ್ಳುವಂಥವು ನಾಲ್ಕೋ ಐದೋ.

2016ರ ಮಳೆಗಾಲ ಕಳೆದ ಮೇಲೆ, ಆವರೆಗೆ ತೆಗೆದ ಚಗಳಿಯ ಚಿತ್ರಗಳನ್ನೆಲ್ಲ ಕಂಪ್ಯೂಟರಿನ ಪರದೆಯ ಮೇಲೆ ದೊಡ್ಡದು ಮಾಡಿ ವಿಂಗಡಿಸುತ್ತಿದ್ದೆ. ಗೂಡಿನಿಂದ ತುಸು ದೂರದ ಎಲೆಯ ಮೇಲೆ ಒಂಟಿಯಾಗಿ ನಿಂತ ಇರುವೆಯೊಂದರ ಚಿತ್ರ ಬಂತು. ಒಂದು ವರ್ಷದ ಹಿಂದೆಯೂ ಇಂಥದೇ ಒಂಟಿ ಇರುವೆಯನ್ನು ತೆಗೆದಿದ್ದೆ. ಎರಡಕ್ಕೂ ‘ಚಗಳಿ’ ಎಂದೇ ಹೆಸರು ಬರೆದಿಟ್ಟಿದ್ದೆ. ಈ ಸಲ ಕೇಂದ್ರೀಕರಣ ಚೆನ್ನಾಗಿ ಕೂಡಿತ್ತು. ಮೀಸೆಗಳೆಂದು ಬಗೆದಿದ್ದವುಗಳ ತುದಿಯಲ್ಲಿ ನಖಗಳಿದ್ದವು. ಮೀಸೆಗೆ ಉಗುರೆಲ್ಲಿಂದ ಬಂತು? ಎಣಿಸಿದೆ. ನೆಲಕ್ಕೆ ಊರಿದವು ಆರು. ಮೀಸೆಯಂತೆ ಎತ್ತಿ ಹಿಡಿದವು ಎರಡು. ಒಟ್ಟು ಎಂಟು. ಮುಖದಲ್ಲಿ ದುಂಡನೆಯ ಎರಡು ದೊಡ್ಡ ಕಣ್ಣುಗಳು ನೇರವಾಗಿ ನನ್ನನ್ನೇ ನೋಡುತ್ತಿದ್ದವು. ಇರುವೆಯ ಕಣ್ಣು ಹಾಗಿರುವುದಿಲ್ಲ. ಒಂದು ವರ್ಷದಿಂದ ನಾನು ಷಟ್ಪದಿಯೆಂದು ಓದುತ್ತಿದ್ದುದು ಅಷ್ಟಪದಿಯಾಗಿತ್ತು. ಅದು ಜೇಡ!

ಇರುವೆಯ ವೇಷದ ಈ ಜೇಡಕ್ಕೆ ವಿಜ್ಞಾನಿಗಳು ಮಿರ್ಮಪ್ಲಾಟಾ ಪ್ಲಾಟಲಿಯಾಯ್ಡಿಸ್ ಎಂದು ಹೆಸರಿಟ್ಟಿದ್ದಾರೆ. ನೆಗೆಯುವ ಜೇಡಗಳ ವಂಶ. ಎಂಟು ಕಣ್ಣುಗಳ ಕುಲ. ಜೇಡದ ಮೈಗೆ ಎರಡೇ ಭಾಗ, ಇರುವೆಗೆ ಮೂರು. ಈ ಕೊರತೆಯನ್ನು ಅದು ಮುಂಭಾಗದ ನಡುವೆ ಇಕ್ಕಟ್ಟಾದ ಕೊರಳೊಂದನ್ನು ಬೆಳೆಸಿಕೊಂಡು ತುಂಬಿಕೊಂಡಿದೆ. ಹೊಟ್ಟೆಯ ಬುಡದಲ್ಲಿ ಇರುವೆಯದರಂಥ ಸಣ್ಣ ನಡು. ತಲೆಯ ಎರಡು ಬದಿಗೂ ಕಪ್ಪು ಮಚ್ಚೆ. ದೂರದಿಂದ ಇರುವೆಯ ಕಣ್ಣಿನಂತೆಯೇ ತೋರುತ್ತದೆ. ನಡಿಗೆಯೂ ಇರುವೆಯದೆ. ಗಂಡಿನ ವೇಷ ಇನ್ನೂ ವಿಚಿತ್ರ. ಅದರ ದವಡೆಗಳು ಮುಂದಕ್ಕೆ ಉದ್ದವಾಗಿ ಚಾಚಿ, ತುದಿಯಲ್ಲಿ ದಪ್ಪಗಾಗಿ, ಇರುವೆಯೊಂದು ಇನ್ನೊಂದು ಇರುವೆಯನ್ನು ಕಚ್ಚಿ ಹೊತ್ತುಕೊಂಡು ಹೋಗುತ್ತಿರುವ ಹಾಗೆ ಕಾಣುತ್ತದೆ. ಈ ಅಭಿನಯದ ಪ್ರಯೋಜನ ಸರಳ. ಚಗಳಿ ಕಚ್ಚುತ್ತದೆ, ಕಚ್ಚಿದಲ್ಲಿ ಫಾರ್ಮಿಕ್ ಆಮ್ಲ ಚಿಮುಕಿಸುತ್ತದೆ, ಒಂದನ್ನು ಕೆಣಕಿದರೆ ನೂರು ಬರುತ್ತವೆ. ಆದುದರಿಂದ ಕೀಟಗಳನ್ನು ತಿನ್ನುವ ಅನೇಕ ಪ್ರಾಣಿಗಳು ಅದರ ತಂಟೆಗೆ ಹೋಗುವುದಿಲ್ಲ. ಆ ಹೆದರಿಕೆಯ ನೆರಳಿನಲ್ಲಿ ಜೇಡ ಬಾಳುತ್ತದೆ. ಆದರೆ ನಿಜವಾದ ಚಗಳಿ ಎದುರಾದರೆ ಅದು ತಾನಾಗಿಯೇ ದಾರಿ ಬಿಟ್ಟು ಸರಿಯುತ್ತದೆ. ತೀರ ಇಕ್ಕಟ್ಟಾದರೆ ನೂಲು ಹಿಡಿದು ಎಲೆಯಿಂದ ಕೆಳಗೆ ಜೋತುಬೀಳುತ್ತದೆ. ವೇಷ ಇರುವುದು ಹೊರಗಿನವರ ಕಣ್ಣಿಗೆ.

ಇಷ್ಟನ್ನು ತಿಳಿದ ಮೇಲೆ ನನ್ನ ಉತ್ಸಾಹ ಮೇರೆ ಮೀರಿತು. ಸರಿಯಾದ ಲೆನ್ಸೊಂದನ್ನು ಕೊಂಡೆ. ಆ ಜೇಡದ ಜೀವನವನ್ನೆಲ್ಲ ಚಿತ್ರಗಳಲ್ಲಿ ಹಿಡಿದುಬಿಡಬೇಕೆಂದು ಹೊರಟೆ. ಆಗ ಎದುರಾದದ್ದು ಈ ಕಲೆಯ ಹಳೆಯ ಸಮಸ್ಯೆ: ಬದುಕಿರುವ ಪ್ರಾಣಿ ಸುಮ್ಮನಿರುವುದಿಲ್ಲ.

ಈ ಸಮಸ್ಯೆ ಕ್ಯಾಮರಾಕ್ಕಿಂತ ಹಳೆಯದು. 1665ರಲ್ಲಿ ಲಂಡನ್ನಿನಲ್ಲಿ ರಾಬರ್ಟ್ ಹುಕ್ ಪ್ರಕಟಿಸಿದ ‘ಮೈಕ್ರೋಗ್ರಾಫಿಯಾ’ ಎಂಬ ಗ್ರಂಥ, ಚಿಗಟವನ್ನು ಒಂದೂವರೆ ಅಡಿಯ ಮಡಿಕೆ ಹಾಳೆಯಲ್ಲಿ ಬಿಡಿಸಿ ತೋರಿಸಿ ಓದುಗರನ್ನು ಬೆರಗುಗೊಳಿಸಿತು. ಆತನಿಗೆ ಎಲ್ಲಕ್ಕಿಂತ ಹೆಚ್ಚು ಕಾಟ ಕೊಟ್ಟದ್ದು ಇರುವೆ. ಬಿಟ್ಟರೆ ಸೂಕ್ಷ್ಮದರ್ಶಕದ ಕೆಳಗೆ ನಿಲ್ಲದು. ಕಾಲುಗಳನ್ನು ಅಂಟಿನಿಂದ ಹಿಡಿಸಿದರೆ ಮೈಯನ್ನು ಹೊರಳಾಡಿಸುತ್ತದೆ. ಕೊಂದರೆ ಸಣ್ಣ ಮೈ ಬೇಗ ಮುರುಟಿ ಆಕಾರ ಕೆಡುತ್ತದೆ. ಕೊನೆಗೆ ಹುಕ್ ಅದನ್ನು ಮದ್ಯಸಾರದಲ್ಲಿ ಮುಳುಗಿಸಿ ಮತ್ತೇರಿಸಿ, ಬೇಕಾದ ಭಂಗಿಯಲ್ಲಿ ಮಲಗಿಸಿಕೊಂಡು ಚಿತ್ರ ಬರೆದ. ಗಂಟೆಯೊಂದು ಕಳೆದ ಮೇಲೆ ಇರುವೆ ಥಟ್ಟನೆ ಎಚ್ಚತ್ತು ಓಡಿಹೋಯಿತಂತೆ. ಅದನ್ನು ಆತ ಮರೆಮಾಡದೆ ದಾಖಲೆ ಮಾಡಿದ್ದಾನೆ. ಹುಕ್‌ನ ಬಗ್ಗೆ ನನಗೆ ಗೌರವವಿರುವುದು ಅವನ ಚಿತ್ರಕ್ಕಾಗಿ ಎಷ್ಟೋ, ಇರುವೆ ಓಡಿಹೋದುದನ್ನೂ ಬರೆದಿಟ್ಟನಲ್ಲ, ಅದಕ್ಕಾಗಿಯೂ ಅಷ್ಟೆ.

ಮುಂದೆ ಬಂದವರು ಬೇರೆ ಬೇರೆ ಉತ್ತರಗಳನ್ನು ಕಂಡುಕೊಂಡರು. ಇಂಗ್ಲೆಂಡಿನ ಸ್ಟೀಫನ್ ಡಾಲ್ಟನ್ ಎಂಬಾತ 1970ರ ದಶಕದಲ್ಲಿ ಹಾರುವ ಕೀಟವನ್ನು ನಿಲ್ಲಿಸುವ ಗೋಜಿಗೇ ಹೋಗಲಿಲ್ಲ, ಬೆಳಕನ್ನೇ ಚುರುಕುಗೊಳಿಸಿದ. ಕೀಟವು ತನ್ನಷ್ಟಕ್ಕೆ ಹಾರುತ್ತ ಬೆಳಕಿನ ಕಿರಣವೊಂದನ್ನು ಅಡ್ಡಹಾಯ್ದರೆ ಸಾಕು, ಸೆಕೆಂಡಿನ 25,000ದಲ್ಲಿ ಒಂದು ಪಾಲಿನಷ್ಟು ಹೊತ್ತು ಫ್ಲಾಷು ಮಿಂಚಿ ರೆಕ್ಕೆಯ ಬಡಿತ ಚಿತ್ರದಲ್ಲಿ ನಿಂತುಬಿಡುತ್ತಿತ್ತು. 1975ರ ‘ಬಾರ್ನ್ ಆನ್ ದಿ ವಿಂಡ್’ ಎಂಬ ಪುಸ್ತಕದಲ್ಲಿ ಆ ಚಿತ್ರಗಳಿವೆ. ಲೆವನ್ ಬಿಸ್ ಎಂಬ ಇನ್ನೊಬ್ಬ ಛಾಯಾಗ್ರಾಹಕ ತೀರ ಭಿನ್ನವಾದ ದಾರಿ ಹಿಡಿದ. ಆಕ್ಸ್‌ಫರ್ಡಿನ ವಸ್ತುಸಂಗ್ರಹಾಲಯದ ಕೀಟಗಳನ್ನು ತೆಗೆದುಕೊಂಡು, ಒಂದೊಂದನ್ನೂ ಸುಮಾರು ಮೂವತ್ತು ಭಾಗಗಳಾಗಿ ವಿಂಗಡಿಸಿ, ಕೂದಲೆಳೆಗಿಂತ ಕಿರಿದಾದ ಹೆಜ್ಜೆಗಳಲ್ಲಿ ಕ್ಯಾಮರಾವನ್ನು ಮುಂದೊತ್ತುತ್ತ, 8,000ಕ್ಕೂ ಮಿಕ್ಕ ಚಿತ್ರಗಳನ್ನು ಒಂದೇ ಚಿತ್ರವಾಗಿ ಹೆಣೆದ. 2016ರಲ್ಲಿ ಅಲ್ಲಿಯೇ ಅವುಗಳ ಪ್ರದರ್ಶನ ನಡೆಯಿತು. ಆ ಜೀರುಂಡೆಗಳು ಸತ್ತು ಬಹುಕಾಲವಾದಂಥವು. ಅದನ್ನು ಆತ ಮುಚ್ಚಿಡಲಿಲ್ಲ. ಶಾಸ್ತ್ರಕ್ಕಾಗಿ ಸಂಗ್ರಹಿಸಿಟ್ಟ ಕೀಟಗಳು ಚಿತ್ರಕ್ಕೂ ಒದಗಿದವು, ಅಷ್ಟೆ. ಮೋಸವಿರುವುದು ಮೂರನೆಯ ದಾರಿಯಲ್ಲಿ. ಬದುಕಿರುವ ಕೀಟವನ್ನು ಹಿಡಿದು ತಂಗಳುಪೆಟ್ಟಿಗೆಯಲ್ಲಿ ಇಟ್ಟು, ಸೆಡೆತು ನಿಂತಾಗ ಹೂವಿನ ಮೇಲೆ ಕೂರಿಸಿ ತೆಗೆದು, ಕಾಡಿನಲ್ಲಿ ತಾನಾಗಿ ಕುಳಿತಿತ್ತೆಂದು ಹೇಳುವವರೂ ಇದ್ದಾರೆ. ಅಂಥವರನ್ನು ನಾನು ಕಟುವಾಗಿಯೇ ಟೀಕಿಸುತ್ತಿದ್ದೆ. ಈಗ ನನ್ನ ಮಾತಿಗೆ ಬರುತ್ತೇನೆ.

2018ರ ಮಳೆಗಾಲದ ಕೊನೆಯಲ್ಲಿ ಒಂದು ಮಾವಿನೆಲೆಯ ತಗ್ಗಿನಲ್ಲಿ ತೆಳ್ಳನೆಯ ಬಿಳಿಯ ಬಟ್ಟೆ ಹಾಸಿದಂಥ ಗೂಡೊಂದು ಕಂಡಿತು. ರೇಷ್ಮೆಯ ಆ ಮರೆಯ ಹಿಂದೆ ಹೆಣ್ಣು ಜೇಡ ಕುಳಿತಿತ್ತು. ಅದರ ಹೊಟ್ಟೆಯ ಕೆಳಗೆ ತಿಳಿಹಳದಿಯ ಏಳೆಂಟು ಮೊಟ್ಟೆಗಳು ಮಸುಕಾಗಿ ಕಾಣುತ್ತಿದ್ದವು. ಮೂರು ದಿನ ಕಾದೆ. ಬಟ್ಟೆಯ ಮೂಲಕ ತೆಗೆದ ಚಿತ್ರಗಳೆಲ್ಲ ಮಂಜು. ನಾಲ್ಕನೆಯ ದಿನ ತಾಳ್ಮೆ ತಪ್ಪಿತು. ಸೂಜಿಯೊಂದನ್ನು ತಂದು, ಗೂಡಿನ ಒಂದು ಅಂಚನ್ನು, ಹೆಚ್ಚೆಂದರೆ ಅರ್ಧ ಬೆರಳಿನ ಅಗಲ, ಬಿಡಿಸಿದೆ. ತಾಯಿ ಓಡಲಿಲ್ಲ. ಮೊಟ್ಟೆಗಳ ಮುಂದೆ ಬಂದು ನಿಂತು, ಮುಂಗಾಲುಗಳನ್ನೆತ್ತಿ, ಲೆನ್ಸಿನ ಕಡೆ ತಿರುಗಿ ನೋಡಿತು. ಕಣ್ಣು, ಕಾಲು, ಮೊಟ್ಟೆ ಎಲ್ಲವೂ ಆ ಒಂದು ಮಿಲಿಮೀಟರಿನ ಪದರದೊಳಗೆ ಕೂಡಿಬಂದವು. ನಾನು ತೆಗೆದ ಚಿತ್ರಗಳಲ್ಲಿ ಅಂಥದು ಹಿಂದೆ ಇಲ್ಲ, ಮುಂದೆಯೂ ಬಾರದು.

ಮರುದಿನ ಬೆಳಗ್ಗೆ ಹೋಗಿ ನೋಡಿದೆ. ನಾನು ಬಿಡಿಸಿದ್ದ ಅಂಚು ಹಾಗೆಯೇ ತೆರೆದಿತ್ತು. ಒಳಗೆ ತಾಯಿಯೂ ಇರಲಿಲ್ಲ, ಮೊಟ್ಟೆಗಳೂ ಇರಲಿಲ್ಲ. ಆ ಎಲೆಯ ಮೇಲೆ ನಾಲ್ಕಾರು ಚಗಳಿಗಳು ತಮ್ಮ ಕೆಲಸದಲ್ಲಿ ಓಡಾಡುತ್ತಿದ್ದವು. ಕಾಲು ಎಣಿಸಿದೆ, ಆರೇ ಇದ್ದವು. ಏನು ನಡೆಯಿತೆಂದು ನಾನು ಕಣ್ಣಾರೆ ನೋಡಿದವನಲ್ಲ. ನೋಡಬೇಕಾದ ಅಗತ್ಯವೂ ಇರಲಿಲ್ಲ.

ನಾಚಿಕೆಯ ಸಂಗತಿಯೆಂದರೆ, ಆ ಚಿತ್ರವನ್ನು ನಾನು ಅಳಿಸಲಿಲ್ಲ. ದೊಡ್ಡದಾಗಿ ಅಚ್ಚು ಹಾಕಿಸಿ, ಕಟ್ಟು ಹಾಕಿಸಿ, ತರಗತಿಯ ಗೋಡೆಗೆ ತೂಗುಹಾಕಿದೆ. ಷಟ್ಪದಿಯ ಪಾಠದ ದಿನ ಅದನ್ನು ತೋರಿಸಿ, ‘ಇದಕ್ಕೆ ಎಷ್ಟು ಪಾದ?’ ಎಂದು ಕೇಳಿ ಮಕ್ಕಳನ್ನು ಬೇಸ್ತುಬೀಳಿಸುವುದು ನನ್ನ ಉದ್ದೇಶ. ಪಾಠ ಚೆನ್ನಾಗಿಯೇ ನಡೆಯಿತು. ಮಕ್ಕಳು ನಕ್ಕರು, ಎಣಿಸಿದರು, ಬೆರಗಾದರು. ಗಂಟೆ ಹೊಡೆದ ಮೇಲೆ ಒಂಬತ್ತನೆಯ ತರಗತಿಯ ಹುಡುಗಿಯೊಬ್ಬಳು ಹಿಂದುಳಿದು, ಚಿತ್ರದ ಹತ್ತಿರ ನಿಂತು ಬಹಳ ಹೊತ್ತು ನೋಡಿ, “ಸರ್, ಆಮೇಲೆ ಆ ಮೊಟ್ಟೆ ಒಡೆದು ಮರಿ ಬಂದ್ವಾ?” ಎಂದು ಕೇಳಿದಳು.

ಮರಿ ಬಂದವೆಂದು ಹೇಳಿದ್ದರೆ ಅವಳು ನಂಬುತ್ತಿದ್ದಳು. ನಾಲಗೆಯ ತುದಿಗೆ ಆ ಮಾತು ಬಂದಿತ್ತು ಕೂಡ. ಮೇಷ್ಟ್ರಾದವನಿಗೆ ತಪ್ಪು ಉತ್ತರವನ್ನು ಕೆಂಪು ಶಾಯಿಯಲ್ಲಿ ಗೀಚುವ ಅಭ್ಯಾಸವಿರುತ್ತದೆ. ತನ್ನದನ್ನು ಗೀಚಿಕೊಳ್ಳುವ ಅಭ್ಯಾಸವಿರುವುದಿಲ್ಲ. ಆದರೂ ಹೇಳಿದೆ: “ಇಲ್ಲಮ್ಮ. ಚಿತ್ರ ಚೆನ್ನಾಗಿ ಬರಲಿ ಅಂತ ನಾನೇ ಗೂಡು ಬಿಡಿಸಿದೆ. ಮಾರನೇ ದಿನ ಅಲ್ಲಿ ಏನೂ ಇರಲಿಲ್ಲ.” ಅವಳು ಏನೂ ಅನ್ನಲಿಲ್ಲ. ಇನ್ನೊಮ್ಮೆ ಚಿತ್ರದ ಕಡೆ ನೋಡಿ, ಪುಸ್ತಕ ಎತ್ತಿಕೊಂಡು ಹೋದಳು. ಆ ಸಂಜೆ ಚಿತ್ರವನ್ನು ಗೋಡೆಯಿಂದ ಇಳಿಸಿದೆ.

ಚಿತ್ರ ಸುಳ್ಳಾಗಿತ್ತೆ? ಅದರಲ್ಲಿದ್ದ ಒಂದು ಕೂದಲೂ ಸುಳ್ಳಲ್ಲ. ಆದರೆ ತಾಯಿ ಮುಂಗಾಲೆತ್ತಿ ನಿಂತದ್ದು ಸಹಜವಾದ ಭಂಗಿಯೆಂದು ನಾನು ತೋರಿಸುತ್ತಿದ್ದೆ. ಅದು ನನ್ನ ಸೂಜಿಗೆ ಅದು ಕೊಟ್ಟ ಉತ್ತರವಾಗಿತ್ತು. ಛಾಯಾಚಿತ್ರವು ಒಂದು ಕ್ಷಣವನ್ನು ಹಿಡಿದಿಡುತ್ತದೆಂದು ನಾವು ಹೊಗಳುತ್ತೇವೆ. ಹಿಂದಿನ ಕ್ಷಣವನ್ನೂ ಮುಂದಿನ ಕ್ಷಣವನ್ನೂ ಬಿಟ್ಟುಬಿಡುತ್ತದೆಂಬುದು ಅದೇ ಮಾತಿನ ಇನ್ನೊಂದು ಮಗ್ಗುಲು. ಸೂಜಿ ಹಿಂದಿನ ಕ್ಷಣದಲ್ಲಿತ್ತು. ಬರಿದಾದ ಎಲೆ ಮುಂದಿನದರಲ್ಲಿತ್ತು.

ಕ್ಯಾಮರಾವನ್ನು ನಾನು ಬಿಡಲಿಲ್ಲ. ಬಿಡುವುದು ಸುಲಭವಾದ ಪ್ರಾಯಶ್ಚಿತ್ತ. ಬದಲಾಗಿ, ಚಿತ್ರಗಳ ವಿವರ ಬರೆದಿಡುವ ಪುಸ್ತಕದಲ್ಲಿ ಒಂದು ಅಂಕಣವನ್ನು ಹೆಚ್ಚಿಸಿದೆ. ದಿನ, ಹೊತ್ತು, ಗಿಡ, ಲೆನ್ಸು ಇವುಗಳ ಪಕ್ಕದಲ್ಲಿ ‘ಆಮೇಲೆ’ ಎಂದೊಂದು ಕಲಮು. ಚಿತ್ರ ತೆಗೆದ ಮೇಲೆ ಆ ಪ್ರಾಣಿ ಏನು ಮಾಡಿತೆಂಬುದನ್ನು ಅಲ್ಲಿ ಬರೆಯಬೇಕು. ಬರೆಯಲು ನಾಚಿಕೆಯಾಗುವಂಥ ಕೆಲಸವನ್ನು ಮಾಡಬಾರದು. ಇಷ್ಟೇ ನಿಯಮ. ಇದರಿಂದ ನನ್ನ ಚಿತ್ರಗಳ ಸಂಖ್ಯೆ ಕಡಿಮೆಯಾಗಿದೆ, ಗುಣವೂ ಹೆಚ್ಚಿದೆಯೆಂದು ಹೇಳಲಾರೆ. ಆದರೆ ಗುಂಡಿ ಒತ್ತಿದ ಮೇಲೂ ಅಲ್ಲೇ ಕುಳಿತು ನೋಡುವ ಅಭ್ಯಾಸ ಬಂದಿದೆ. ಕಡಜವು ಮಣ್ಣಿನ ಉಂಡೆ ತರಲು ಎಷ್ಟು ಸಲ ಹೋಗಿ ಬರುತ್ತದೆಂಬುದನ್ನೂ, ಸೂರ್ಯನ ಕುದುರೆ ಊಟವಾದ ಮೇಲೆ ತನ್ನ ಮುಂಗೈಗಳನ್ನು ಬೆಕ್ಕಿನಂತೆ ಶುಚಿಮಾಡಿಕೊಳ್ಳುವುದನ್ನೂ ನಾನು ಕಂಡದ್ದು ಈ ಕಲಮನ್ನು ತುಂಬುವ ಸಲುವಾಗಿ.

ಮುಂದಿನ ವರ್ಷ, ಬೇರೊಂದು ಕೊಂಬೆಯಲ್ಲಿ, ಅದೇ ಬಗೆಯ ಬಿಳಿಯ ಬಟ್ಟೆ ಕಂಡಿತು. ಆ ಹುಡುಗಿಗೆ ಹೇಳಿ ಕಳಿಸಿದೆ. ಶನಿವಾರ ತಂಗಿಯನ್ನೂ ಕರೆದುಕೊಂಡು ಬಂದಳು. ಇಬ್ಬರಿಗೂ ಒಂದು ಭೂತಗನ್ನಡಿ ಕೊಟ್ಟು, ಮೊಳದಷ್ಟು ದೂರ ನಿಲ್ಲಿಸಿದೆ. ತಂಗಿ ಮೆಲ್ಲಗೆ ಎಣಿಸತೊಡಗಿದಳು, ಆರಕ್ಕೆ ಒಮ್ಮೆ ನಿಂತು, ಮತ್ತೆ ಎಣಿಸಿ, “ಎಂಟು!” ಎಂದು ಕೂಗಿಯೇಬಿಟ್ಟಳು. ಕೊಂಬೆ ಅಲುಗಿತು, ನನ್ನ ಚಿತ್ರ ಕೆಟ್ಟಿತು. ಅದನ್ನೂ ಇಟ್ಟುಕೊಂಡಿದ್ದೇನೆ. ಬಟ್ಟೆಯ ಹಿಂದೆ ಕೆಂಪಾದ ಮಸುಕೊಂದು, ಅದರಲ್ಲಿ ಸ್ಪಷ್ಟವಾಗಿರುವುದು ಒಂದೇ ಕಣ್ಣು. ಪುಸ್ತಕದಲ್ಲಿ ಅದರ ‘ಆಮೇಲೆ’ ಕಲಮು ಹುಡುಗಿಯ ಅಕ್ಷರದಲ್ಲಿದೆ: “ಹನ್ನೆರಡು ದಿನದ ಮೇಲೆ ಗೂಡು ಖಾಲಿ. ಪಕ್ಕದೆಲೆಯ ಮೇಲೆ ಸಣ್ಣ ಸಣ್ಣ ಇರುವೆಗಳು ಐದು. ಎಣಿಸಿದೆವು. ಇರುವೆಗಳಲ್ಲ.”